ದಾನವೂ ಡಂಗುರವೂ

ಕಳೆದ ಜೂನ್ ತಿಂಗಳಲ್ಲಿ ಮೊಮ್ಮಗನಿಗೆ ನೋಟುಪುಸ್ತಕ ಕೊಳ್ಳಲೆಂದು ನಮ್ಮ ಬೀದಿಯ ಕೊನೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಎರಡು ಬಗೆಯವನ್ನು ಮುಂದಿಟ್ಟ. ಹಾಳೆ ಒಂದೇ, ಗೆರೆ ಒಂದೇ. ಒಂದಕ್ಕೆ ಮಾತ್ರ ಐದು ರೂಪಾಯಿ ಹೆಚ್ಚು. ಕಾರಣವೇನೆಂದು ಕೇಳಿದೆ. ಆತ ಪುಸ್ತಕವನ್ನು ಮಗುಚಿ ಹಿಂದಿನ ರಟ್ಟನ್ನು ತೋರಿಸಿದ. ಅದರ ಬೆಲೆಯ ಒಂದು ಪಾಲು ಬಡಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲುವುದೆಂದು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು.

“ಒಂದು ಪಾಲು ಎಂದರೆ ಎಷ್ಟಯ್ಯ?” ಎಂದೆ.

“ಅದು ನಂಗೊತ್ತಿಲ್ಲ ಸ್ವಾಮಿ. ಆದ್ರೆ ಜನ ಇದನ್ನೇ ಜಾಸ್ತಿ ತಗೊಂಡು ಹೋಗ್ತಾರೆ” ಎಂದ.

ನಾನೂ ಅದನ್ನೇ ತೆಗೆದುಕೊಂಡು ಬಂದೆ. ಐದು ರೂಪಾಯಿಗೆ ಇಷ್ಟು ಸುಲಭವಾಗಿ ಪುಣ್ಯ ದೊರೆಯುವಾಗ ಬೇಡವೆನ್ನುವಷ್ಟು ಧೈರ್ಯ ನನಗಿರಲಿಲ್ಲ. ಆದರೆ ಆ ‘ಒಂದು ಪಾಲು’ ಮನೆಯ ಬಾಗಿಲವರೆಗೂ ನನ್ನನ್ನು ಹಿಂಬಾಲಿಸಿತು.

ಸರಕಿನೊಡನೆ ಸತ್ಕಾರ್ಯವನ್ನು ಗಂಟುಹಾಕಿ ಮಾರುವ ಈ ಉಪಾಯಕ್ಕೆ ವ್ಯಾಪಾರಶಾಸ್ತ್ರಜ್ಞರು ‘ಕಾಸ್ ಮಾರ್ಕೆಟಿಂಗ್’ ಎನ್ನುತ್ತಾರೆ. ಅವರ ‘ಕಾಸ್’ ಎಂದರೆ ಧ್ಯೇಯ, ಉದ್ದೇಶ ಎಂದು ಅರ್ಥ. ನಮ್ಮ ಕಿವಿಗೆ ಅದು ‘ಕಾಸು’ ಎಂದೇ ಕೇಳಿಸಿದರೆ ತಪ್ಪು ಕಿವಿಯದಲ್ಲ. ಕನ್ನಡದಲ್ಲಿ ಇದಕ್ಕೊಂದು ಹೆಸರಿಡಲು ನಾನು ಯತ್ನಿಸಿ ಸೋತಿದ್ದೇನೆ. ‘ಪುಣ್ಯವಾಣಿಜ್ಯ’ವೆಂದರೆ ಅಣಕದಂತೆ ಕೇಳುತ್ತದೆ, ಇಡೀ ಪ್ರಯತ್ನವನ್ನು ಅಣಕಿಸುವುದು ನನ್ನ ಉದ್ದೇಶವಲ್ಲ.

ಈ ಮಾತು ಬಳಕೆಗೆ ಬಂದ ಪ್ರಸಂಗವನ್ನು ಓದುಗರಿಗೆ ಹೇಳಬೇಕು. ನ್ಯೂಯಾರ್ಕ್ ಬಂದರಿನಲ್ಲಿ ನಿಂತಿರುವ ಸ್ವಾತಂತ್ರ್ಯದೇವಿಯ ಪ್ರತಿಮೆ ನೂರು ವರ್ಷ ತುಂಬುವ ಹೊತ್ತಿಗೆ ಜೀರ್ಣವಾಗಿತ್ತು. ೧೯೮೩ರ ಕೊನೆಯ ಮೂರು ತಿಂಗಳು ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯವರು ಒಂದು ವಾಗ್ದಾನ ಮಾಡಿದರು: ತಮ್ಮ ಕಾರ್ಡನ್ನು ಬಳಸಿ ಗಿರಾಕಿಗಳು ಮಾಡುವ ಒಂದೊಂದು ವ್ಯವಹಾರಕ್ಕೂ ಒಂದು ಸೆಂಟು, ಹೊಸದಾಗಿ ಕೊಡುವ ಒಂದೊಂದು ಕಾರ್ಡಿಗೂ ಒಂದು ಡಾಲರು ಪ್ರತಿಮೆಯ ಜೀರ್ಣೋದ್ಧಾರಕ್ಕೆ. ಕೂಡಿದ ಮೊತ್ತ ಹದಿನೇಳು ಲಕ್ಷ ಡಾಲರು. ಅದೇ ಮೂರು ತಿಂಗಳಲ್ಲಿ ಕಾರ್ಡಿನ ಬಳಕೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಾಗಿ ಏರಿತು. ದಾನಕ್ಕೆ ಕೊಟ್ಟದ್ದಕ್ಕಿಂತ ಆ ದಾನದ ಜಾಹೀರಾತಿಗೆ ವೆಚ್ಚವಾದದ್ದೇ ಹೆಚ್ಚು. ೧೯೮೬ರಲ್ಲಿ ಶತಮಾನೋತ್ಸವದ ವೇಳೆಗೆ ದೇವಿ ಮತ್ತೆ ಹೊಸಬಳಾಗಿ ನಿಂತಳು. ಯಾರಿಗೆ ನಷ್ಟವಾಯಿತು? ಯಾರಿಗೂ ಆಗಲಿಲ್ಲ. ಹಾಗಿದ್ದರೂ ಈ ಕಥೆಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ಅದೇ ಪ್ರತಿಮೆಯ ಇನ್ನೊಂದು, ಅದಕ್ಕಿಂತ ಹಳೆಯ ಕಥೆಯ ಕಡೆಗೆ ಹರಿಯುತ್ತದೆ.

ಪ್ರತಿಮೆಯನ್ನು ಕೊಟ್ಟವರು ಫ್ರಾನ್ಸಿನ ಜನ. ಅದನ್ನು ನಿಲ್ಲಿಸುವ ಪೀಠವನ್ನು ಕಟ್ಟುವ ಹೊಣೆ ಅಮೆರಿಕನರದು. ೧೮೮೫ರಲ್ಲಿ ಪೀಠ ಅರ್ಧಕ್ಕೆ ನಿಂತಿತು, ಹಣವಿಲ್ಲ. ಸಿರಿವಂತರು ಮುಖ ತಿರುಗಿಸಿದರು. ಆಗ ‘ದಿ ವರ್ಲ್ಡ್’ ಎಂಬ ದೈನಿಕವನ್ನು ನಡೆಸುತ್ತಿದ್ದ ಜೋಸೆಫ್ ಪುಲಿಟ್ಜರ್, ಹಂಗೆರಿಯಿಂದ ಬರಿಗೈಯಲ್ಲಿ ವಲಸೆ ಬಂದ ಮನುಷ್ಯ, ತನ್ನ ಪತ್ರಿಕೆಯಲ್ಲಿ ಸಾಮಾನ್ಯ ಜನರಿಗೆ ಕರೆ ಕೊಟ್ಟ. ಎಷ್ಟೇ ಅಲ್ಪವನ್ನು ಕಳುಹಿಸಿದರೂ ಕಳುಹಿಸಿದವರ ಹೆಸರನ್ನು ಅಚ್ಚು ಹಾಕುವುದಾಗಿ ಮಾತು ಕೊಟ್ಟ. ಮಾತನ್ನು ನಡೆಸಿಯೂ ಕೊಟ್ಟ. ಮಾರ್ಚಿಯಿಂದ ಆಗಸ್ಟಿನವರೆಗೆ ಲಕ್ಷಕ್ಕೂ ಹೆಚ್ಚು ಜನರಿಂದ ಲಕ್ಷ ಡಾಲರಿಗೂ ಮಿಕ್ಕಿದ ಹಣ ಬಂದಿತು. ಅವರಲ್ಲಿ ಬಹುಮಂದಿ ಕೊಟ್ಟದ್ದು ಒಂದು ಡಾಲರಿಗಿಂತ ಕಡಮೆ. ಅಯೋವಾ ರಾಜ್ಯದ ಒಂದು ಶಿಶುವಿಹಾರದ ಮಕ್ಕಳು ಕೂಡಿಸಿ ಕಳುಹಿಸಿದ್ದು ಒಂದು ಡಾಲರು ಮೂವತ್ತೈದು ಸೆಂಟು.

ಪುಲಿಟ್ಜರನೇನೂ ಋಷಿಯಲ್ಲ. ಈ ಗದ್ದಲದಲ್ಲಿ ಅವನ ಪತ್ರಿಕೆಯ ಮಾರಾಟ ಚೆನ್ನಾಗಿಯೇ ಏರಿತು. ತನ್ನ ಹೆಸರು ಅಚ್ಚಾದ ಹಾಳೆಯನ್ನು ಕೊಳ್ಳದಿರುವವನಾರು? ಲಾಭದ ಆಸೆ ೧೮೮೫ರಲ್ಲೂ ಇತ್ತು, ೧೯೮೩ರಲ್ಲೂ ಇತ್ತು. ಆದರೆ ಮೊದಲನೆಯದರಲ್ಲಿ ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬುದು ಗೊತ್ತಿತ್ತು. ಅವನ ಕೈಯಿಂದ ನಾಣ್ಯ ಜಾರಿದ್ದು ಅವನಿಗೆ ತಿಳಿದಿತ್ತು. ಎರಡನೆಯದರಲ್ಲಿ ಅವನು ಹೋಟೆಲಿನ ಊಟಕ್ಕೋ ಪಾದರಕ್ಷೆಗೋ ಹಣ ತೆರುತ್ತಿದ್ದ. ದಾನವೆಂಬುದು ಅವನ ಬೆನ್ನ ಹಿಂದೆ ತಾನಾಗಿ ನಡೆದುಹೋಗುತ್ತಿತ್ತು. ಒಂದು ಸೆಂಟು ಎಂದು ಅವರು ಬಾಯಿಬಿಟ್ಟು ಹೇಳಿದ್ದರು, ಅದನ್ನು ಮೆಚ್ಚಬೇಕು. ನನ್ನ ನೋಟುಪುಸ್ತಕದ ರಟ್ಟು ಅಷ್ಟನ್ನೂ ಹೇಳುವುದಿಲ್ಲ.

ಹೇಳಬೇಕೆಂಬ ಹಟ ನಮ್ಮ ನಾಡಿನಲ್ಲಿ ಬಹಳ ಹಳೆಯದು. ದಾನಶಾಸನಗಳನ್ನು ಓದಿದವರಿಗೆ ಇದು ಗೊತ್ತು. ಕೊಟ್ಟವರಾರು, ಕೊಟ್ಟದ್ದು ಎಷ್ಟು ಮತ್ತರು ಎಷ್ಟು ಕಮ್ಮ, ಮೂಡಲಿಗೆ ಯಾವ ಹಳ್ಳ ಪಡುವಲಿಗೆ ಯಾವ ಬಂಡೆ, ಯಾವ ಕೆಲಸಕ್ಕೆ, ಯಾರ ಮುಂದೆ ಎಂಬುದೆಲ್ಲ ಕಲ್ಲಿನ ಮೇಲೆ ಊರ ನಡುವೆ. ಕಟ್ಟಕಡೆಗೆ, ಅದನ್ನು ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪ. ಇಂದಿನ ಲೆಕ್ಕಪರಿಶೋಧಕರ ಬಳಿ ಇಷ್ಟು ಕಟುವಾದ ಅಸ್ತ್ರವಿಲ್ಲ. ದಾನವೂ ಡಂಗುರವೂ ಅಂದೂ ಕೂಡಿಯೇ ಹೋಗುತ್ತಿದ್ದವು; ಹೊಗಳುಭಟರ ಪದ್ಯಗಳಿಗಂತೂ ಆ ಕಲ್ಲುಗಳಲ್ಲಿ ಬರವಿಲ್ಲ. ಆದರೆ ಒಂದು ಸಂಗತಿಯನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ. ಅಗ್ರಹಾರದ ವೃತ್ತಿಗಳನ್ನು ಪಡೆದವರ ಪಟ್ಟಿ ಕೊಡುವ ಶಾಸನಗಳುಂಟು. ಆದರೆ ಸತ್ರದ ಅನ್ನ ಉಂಡವನ ಹೆಸರನ್ನು ಕೆತ್ತಿಸಿದ ಶಾಸನವನ್ನು ನಾನು ಓದಿಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ ಹನ್ನೆರಡನೆಯ ಶತಮಾನದ ಶಾಸನ ಅಲ್ಲಿ ವಿದ್ಯೆ ನಡೆಯುತ್ತಿದ್ದುದನ್ನು, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ವಿಸ್ತಾರವಾಗಿ ಹೇಳುತ್ತದೆ. ಆ ರೋಗಿಗಳಾರು, ಅವರು ಹೇಗೆ ನರಳಿದರು ಎಂಬುದನ್ನು ಹೇಳುವುದಿಲ್ಲ. ಪಡೆದವನು ಪಡೆದು, ಕೈ ತೊಳೆದುಕೊಂಡು, ತನ್ನ ದಾರಿ ಹಿಡಿದು ಹೋದ.

ಅಂತರಜಾಲ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿದೆ.

ಅದರ ಶಕ್ತಿಯನ್ನು ಅಲ್ಲಗಳೆಯುವವನು ನಾನಲ್ಲ. ೨೦೧೪ರ ಬೇಸಗೆಯಲ್ಲಿ ಅಮೆರಿಕದ ಜನ ತಲೆಯ ಮೇಲೆ ಬಕೆಟ್ಟುಗಟ್ಟಲೆ ಮಂಜುನೀರನ್ನು ಸುರಿದುಕೊಂಡು, ಆ ಚಿತ್ರವನ್ನು ಲೋಕಕ್ಕೆಲ್ಲ ತೋರಿಸಿ, ಗೆಳೆಯರಿಗೂ ಸವಾಲು ಹಾಕಿದಾಗ ನಾನು ನಕ್ಕಿದ್ದೆ. ಎ.ಎಲ್.ಎಸ್. ಎಂಬ, ನರಗಳು ಕ್ಷಯಿಸಿ ಮೈಯೆಲ್ಲ ನಿಶ್ಚೇಷ್ಟವಾಗುವ ರೋಗಕ್ಕಾಗಿ ನಡೆದ ಆಟವದು. ಅದನ್ನು ಹಬ್ಬಿಸಿದವರಲ್ಲೊಬ್ಬ, ಬಾಸ್ಟನ್ನಿನ ಬೇಸ್‌ಬಾಲ್ ಆಟಗಾರ ಪೀಟ್ ಫ್ರೇಟ್ಸ್, ಆ ರೋಗದಿಂದಲೇ ನರಳುತ್ತಿದ್ದು ೨೦೧೯ರಲ್ಲಿ ತೀರಿಕೊಂಡ. ಅಲ್ಲಿನ ಎ.ಎಲ್.ಎಸ್. ಸಂಘಕ್ಕೆ ಕೂಡಿದ್ದು ಹನ್ನೊಂದೂವರೆ ಕೋಟಿ ಡಾಲರು. ಆ ಹಣದ ನೆರವಿನಿಂದ ನಡೆದ ಸಂಶೋಧನೆ ೨೦೧೬ರಲ್ಲಿ ರೋಗಕ್ಕೆ ಸಂಬಂಧಪಟ್ಟ ಒಂದು ಜೀನನ್ನು ಗುರುತಿಸಿತು. ನನ್ನ ನಗುವನ್ನು ಅಂದೇ ಹಿಂದಕ್ಕೆ ಪಡೆದೆ. ಅದೇ ೨೦೧೪ರಲ್ಲಿ ಹೈದರಾಬಾದಿನ ಪತ್ರಕರ್ತೆಯೊಬ್ಬರು, ನೀರಿಗೆ ಪರದಾಡುವ ದೇಶದಲ್ಲಿ ನೀರು ಚೆಲ್ಲುವುದೇಕೆಂದು, ಬಕೆಟ್ಟಿಗೆ ಅಕ್ಕಿ ತುಂಬಿ ಹಸಿದವರಿಗೆ ಕೊಟ್ಟು ಚಿತ್ರ ಹಾಕಿರೆಂದು ಕರೆ ಕೊಟ್ಟರು. ಮುಷ್ಟಿ ಅಕ್ಕಿಯನ್ನು ಎತ್ತಿಟ್ಟು ವಿದ್ಯಾರ್ಥಿ ನಿಲಯಗಳನ್ನು ಸಾಕಿದ ತಾಯಂದಿರ ನಾಡಿನವನಾದ ನನಗೆ ಇದು ಬಹಳ ಹಿತವೆನಿಸಿತು. ಆ ತಾಯಂದಿರು ಚಿತ್ರ ತೆಗೆಸಿಕೊಳ್ಳಲಿಲ್ಲ ಎಂಬ ಮಾತು ಬೇರೆ.

ಕಾನೂನು ಕೂಡ ಈ ಕಡೆ ಒಂದು ಕಣ್ಣಿಟ್ಟಿದೆ. ೨೦೧೩ರ ಕಂಪನಿಗಳ ಕಾಯಿದೆ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ ೨ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ತನ್ನ ಸರಕಿನ ಪ್ರಚಾರದ ಲಾಭಕ್ಕಾಗಿ ಕೊಟ್ಟ ಪ್ರಾಯೋಜನೆಯ ಹಣ ಈ ಲೆಕ್ಕಕ್ಕೆ ಸೇರದೆಂದು ೨೦೨೧ರ ನಿಯಮಗಳು ಸ್ಪಷ್ಟಪಡಿಸಿದವು. ಒಳ್ಳೆಯದೇ. ಆದರೆ ನನ್ನನ್ನು ಕಾಡುವ ಲೆಕ್ಕ ಯಾವ ನಿಯಮಕ್ಕೂ ಸಿಕ್ಕುವಂಥದಲ್ಲ. ಅದರಲ್ಲಿ ನಾನೇ ಒಬ್ಬ ಕಕ್ಷಿ.

೨೦೧೭ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಅವನ ಐದು ವರ್ಷದ ಮಗಳಿಗೆ ಥಲಸ್ಸೀಮಿಯಾ. ಮೂರು ನಾಲ್ಕು ವಾರಕ್ಕೊಮ್ಮೆ ಅವಳಿಗೆ ಬೇರೆಯವರ ರಕ್ತ ಏರಿಸಬೇಕು. ಅಸ್ಥಿಮಜ್ಜೆಯನ್ನು ಬದಲಾಯಿಸಿದರೆ ಗುಣವಾಗಬಹುದು. ಅಣ್ಣನ ಮಜ್ಜೆ ಹೊಂದುತ್ತದೆ. ವೆಚ್ಚ ಹದಿನೈದು ಲಕ್ಷ. ಇಂಥದಕ್ಕೆ ಅಂತರಜಾಲದಲ್ಲಿ ಹಣ ಕೂಡಿಸಿಕೊಡುವ ಸಂಸ್ಥೆಯೊಂದನ್ನು ಯಾರೋ ತೋರಿಸಿದ್ದರು. “ಮೇಷ್ಟ್ರೇ, ಒಂದು ಒಕ್ಕಣೆ ಬರ್ಕೊಡಿ. ನನಗೆ ಬರೆಯೋಕೆ ಕೈ ಬರ್ತಿಲ್ಲ” ಎಂದ.

ಬರೆದುಕೊಟ್ಟೆ. ರೋಗದ ಹೆಸರು, ಆಗಬೇಕಾದ ಚಿಕಿತ್ಸೆ, ಬೇಕಾದ ಮೊತ್ತ, ಮನೆಯ ವರಮಾನ, ಶಾಸನದಂತೆಯೇ ಇತ್ತು. ಜೊತೆಗೆ, ಲಂಗ ತೊಟ್ಟು ನಗುತ್ತಿರುವ ಹುಡುಗಿಯ ಚಿತ್ರ. ಐದು ದಿನಗಳಲ್ಲಿ ಬಂದದ್ದು ಎಂಟು ಸಾವಿರ ರೂಪಾಯಿ, ಅದೂ ಪರಿಚಿತರಿಂದ. ಆರನೆಯ ದಿನ ಆ ಸಂಸ್ಥೆಯ ತರುಣನೊಬ್ಬ ನನಗೆ ಫೋನು ಮಾಡಿದ. ಸಭ್ಯನಾದ ಹುಡುಗ, ಅವನ ಮೇಲೆ ನನಗೆ ಕೋಪವಿಲ್ಲ. “ಸಾರ್, ಕನ್ನಡ ತುಂಬಾ ಚೆನ್ನಾಗಿದೆ. ಆದ್ರೆ ಓದಿದವರಿಗೆ ಅಳು ಬರಲ್ಲ. ಮಗು ನಗ್ತಾ ಇದೆಯಲ್ಲ ಸಾರ್, ನಗೋ ಮಗೂಗೆ ಯಾರು ಕೊಡ್ತಾರೆ? ಆಸ್ಪತ್ರೆ ಮಂಚದ ಮೇಲಿನ ಫೋಟೋ ಒಂದು ಬೇಕು” ಎಂದ.

ಹುಡುಗಿಯ ತಾಯಿಗೆ ಇದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಬಹಳ ಹೊತ್ತು ಸೆರಗಿನ ತುದಿಯನ್ನು ನೋಡುತ್ತ ಕುಳಿತಳು. “ಇವಳು ನಾಳೆ ಸ್ಕೂಲಿಗೆ ಹೋಗ್ಬೇಕಲ್ಲ ಮೇಷ್ಟ್ರೇ. ಆ ಫೋಟೋ ಅಲ್ಲೇ ಇರುತ್ತಲ್ಲ” ಎಂದಳು. ಕಡೆಗೆ ಒಪ್ಪಿದ್ದು ಸೂಜಿ ಚುಚ್ಚಿದ ಪುಟ್ಟ ಕೈಯ ಚಿತ್ರಕ್ಕೆ ಮಾತ್ರ. ನಗುವ ಮುಖವನ್ನೂ ತೆಗೆಸಿಹಾಕಿದಳು. ಮಗಳು ಬದುಕುವಳೋ ಇಲ್ಲವೋ ತಿಳಿಯದ ಆ ಹೊತ್ತಿನಲ್ಲಿ ಆಕೆ ಮಗಳ ಮುಂದಿನ ಮರ್ಯಾದೆಯನ್ನು ಯೋಚಿಸಿದ್ದಳು.

ಮುಖವನ್ನು ತಾಯಿ ಕಾದಳು. ಉಳಿದದ್ದು ಒಕ್ಕಣೆ, ಅದು ನನ್ನ ಕೈಯಲ್ಲಿತ್ತು. ಅಂದು ರಾತ್ರಿ ನಾನು ಹೊಸದಾಗಿ ಬರೆದೆ. ನಲವತ್ತು ವರ್ಷ ಕಾವ್ಯಪಾಠ ಹೇಳಿದವನಿಗೆ ಕರುಣರಸ ಎಲ್ಲಿ ಒಸರುತ್ತದೆಂಬುದು ತಿಳಿಯದೆ? ನಡುರಾತ್ರಿ ಎಚ್ಚರಗೊಂಡ ಮಗು “ಅಮ್ಮ, ನಾನು ಸಾಯ್ತೀನಾ?” ಎಂದು ಕೇಳಿತೆಂದು ಬರೆದೆ. ಮಗು ಎಂದೂ ಹಾಗೆ ಕೇಳಿರಲಿಲ್ಲ. ತಂದೆ ಓದಿ, ತಲೆಯೆತ್ತಿ ನನ್ನನ್ನು ನೋಡಿ, ಏನೂ ಹೇಳದೆ ಕಳುಹಿಸಿದ.

ಹತ್ತೊಂಬತ್ತು ದಿನಗಳಲ್ಲಿ ಹನ್ನೆರಡು ಲಕ್ಷ ಬಂದಿತು. ಕೊಟ್ಟವರ ಪಟ್ಟಿಯಲ್ಲಿ ಸಾಲುಸಾಲಾಗಿ ‘ಅನಾಮಿಕ’ ಎಂದಿತ್ತು. ನೂರು, ಇನ್ನೂರು, ಐವತ್ತು. ದುಬೈಯಿಂದ ಯಾರೋ ಒಬ್ಬರು ಇಪ್ಪತ್ತೈದು ಸಾವಿರ, ಹೆಸರಿಲ್ಲ. ಕೊಟ್ಟವನು ಹೆಸರನ್ನು ಮರೆಸಿಕೊಂಡು ನಿರಾಳವಾಗಿ ಮಲಗಬಹುದು. ಪಡೆಯುವವನಿಗೆ ಮಾತ್ರ ಆ ಅನುಕೂಲವಿಲ್ಲ. ಕಲ್ಲಿನ ಕಾಲದಲ್ಲಿ ಇದ್ದ ವ್ಯವಸ್ಥೆ ತಲೆಕೆಳಗಾಯಿತೆಂದು ಆಗಲೇ ಹೇಳಿದೆನಲ್ಲ, ಆ ಪಟ್ಟಿಯನ್ನು ನೋಡುವಾಗ ಹೊಳೆದ ಮಾತು ಅದು. ಉಳಿದ ಮೂರು ಲಕ್ಷದಲ್ಲಿ ಒಂದಿಷ್ಟನ್ನು ಆಸ್ಪತ್ರೆಯವರು ಬಿಟ್ಟರು, ಒಂದಿಷ್ಟನ್ನು ಬಟ್ಟೆ ಅಂಗಡಿಯ ಯಜಮಾನರು ಕೊಟ್ಟರು. ಚಿಕಿತ್ಸೆ ಫಲಿಸಿತು.

ಆ ವಾಕ್ಯವನ್ನು ಬರೆಯದಿದ್ದರೆ ಹಣ ಬರುತ್ತಿರಲಿಲ್ಲವೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬರುತ್ತಿರಲಿಲ್ಲವೆಂದೇ ನನ್ನ ಅಂದಾಜು. ಅಷ್ಟರಿಂದ ಅದು ಸರಿಯಾಯಿತೆಂದು ಹೇಳಲು ನಾಲಗೆ ಏಳುವುದಿಲ್ಲ. ತಪ್ಪಾಯಿತೆನ್ನುವುದಕ್ಕೂ ಏಳುವುದಿಲ್ಲ, ಏಕೆಂದರೆ ಹುಡುಗಿ ಈಗ ಎದುರು ಬಂದು ಕೂರುತ್ತಾಳೆ. ಎಂಟನೆಯ ತರಗತಿ, ವಾರಕ್ಕೆರಡು ದಿನ ಸಂಧಿ ಸಮಾಸ ಹೇಳಿಸಿಕೊಳ್ಳಲು ಬರುತ್ತಾಳೆ.

ಹೋದ ತಿಂಗಳು ಒಂದು ದಿನ ಪುಸ್ತಕ ತೆರೆಯದೆ, ತಾಯಿಯ ಫೋನನ್ನು ನನ್ನ ಮುಂದೆ ಹಿಡಿದಳು. ಹಣ ಕೂಡಿಸುವುದು ಎಂದೋ ಮುಗಿದಿದ್ದರೂ ಆ ಪುಟ ಹಾಗೆಯೇ ಇದೆ. ಮುಖವಿಲ್ಲ, ಹೆಸರಿದೆ, ಕೈಯಿದೆ, ನನ್ನ ಒಕ್ಕಣೆಯಿದೆ. ತರಗತಿಯ ಹುಡುಗಿಯೊಬ್ಬಳು ಹುಡುಕಿ ತೋರಿಸಿದಳಂತೆ.

“ತಾತ, ನಾನು ಹೀಗೆ ಕೇಳಿದ್ನಾ?”

“ಇಲ್ಲಮ್ಮ. ಅದು ನಾನು ಬರೆದದ್ದು.”

“ಅಮ್ಮನೂ ಹಾಗೇ ಅಂದ್ರು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅದನ್ನ ತೆಗೆಸಿ ತಾತ” ಎಂದಳು.

ಸಂಸ್ಥೆಗೆ ಪತ್ರ ಬರೆದೆ. ಜನರು ಹಣ ಕೊಟ್ಟದ್ದು ಆ ಒಕ್ಕಣೆಯನ್ನು ನಂಬಿ. ಆದುದರಿಂದ ಅದು ದಾಖಲೆಯಾಗಿ ಇದ್ದಂತೆಯೇ ಇರತಕ್ಕದ್ದೆಂದು ಉತ್ತರ ಬಂದಿತು. ಆ ಉತ್ತರದಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಪುಟ ಇರಲಿ, ಹಣದ ಲೆಕ್ಕವೆಲ್ಲ ಇರಲಿ, ಆ ಒಂದು ವಾಕ್ಯ ಲೇಖಕನ ಕಲ್ಪನೆ ಎಂಬ ಟಿಪ್ಪಣಿಯನ್ನಾದರೂ ಅದರ ಕೆಳಗೆ ನನ್ನ ಹೆಸರಿನಲ್ಲಿ ಹಾಕಿರೆಂದು ಎರಡನೆಯ ಪತ್ರವನ್ನು ಮೊನ್ನೆ ಕಳುಹಿಸಿದ್ದೇನೆ. ಕಳುಹಿಸುವ ಮುನ್ನ ಅವಳಿಗೆ ಓದಲು ಕೊಟ್ಟೆ. ಎರಡು ಕಡೆ ತಿದ್ದಿದಳು.