ಉಪ್ಪು ತೋರಿಸುವ ಅಳತೆ: ಮಳೆನಾಡಿನ ಮನೆಗಳ ತೇವ ಮತ್ತು ಗಾಳಿಯ ಶುದ್ಧಿ

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಗಾಳಿಗೆ ಎರಡು ತೊಂದರೆಗಳು ಒಟ್ಟಿಗೆ ಅಂಟಿಕೊಂಡಿರುತ್ತವೆ: ಒಗ್ಗರಣೆಯ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಮತ್ತು ಬೂಷ್ಟಿನ ಬೀಜಕಣಗಳಿಂದ ತುಂಬುವ ಸೂಕ್ಷ್ಮ ಕಣಗಳು ಒಂದು, ಕಣ್ಣಿಗೆ ಕಾಣದ ನೀರಾವಿ ಇನ್ನೊಂದು. ಏರ್ ಪ್ಯೂರಿಫೈಯರ್ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಹಿಡಿಯಬಲ್ಲದು. ಎರಡನೆಯದು ಅದರ ಫಿಲ್ಟರಿನ ಮೂಲಕ ಏನೂ ಆಗದಂತೆ ಹಾದುಹೋಗುತ್ತದೆ. ದೆಹಲಿಯ ಚಳಿಗಾಲದ ಹೊಗೆಮಂಜಿಗಾಗಿ ರೂಪುಗೊಂಡ ಖರೀದಿಯ ತರ್ಕವನ್ನೇ ಶಿರಸಿ, ತೀರ್ಥಹಳ್ಳಿ, ಮಂಗಳೂರುಗಳ ಮನೆಗಳಿಗೆ ಹಾಗೆಯೇ ತಂದುಕೊಂಡಾಗ, ಕಪಾಟಿನ ಮುಗ್ಗುಲು ವಾಸನೆ ಹೋಗಲೆಂದು ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರ ಮೂಲೆಯಲ್ಲಿ ಗುಂಯ್‌ಗುಡುತ್ತಿರುವಾಗಲೇ ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುತ್ತದೆ. ಆದುದರಿಂದ ಈ ನಾಡಿನಲ್ಲಿ ಗಾಳಿಯ ಶುದ್ಧಿಯ ವಿಚಾರ ತೇವದ ಅಳತೆಯಿಂದಲೇ ಆರಂಭವಾಗಬೇಕು, ಮತ್ತು ಆ ಅಳತೆಗೆ ಬೇಕಾದ ಅತ್ಯಂತ ನಂಬಲರ್ಹ ವಸ್ತು ಪ್ರತಿ ಅಡುಗೆಮನೆಯಲ್ಲೂ ಈಗಾಗಲೇ ಇದೆ.

ತೇವವನ್ನು ಹೇಳುವ ರೂಢಿಯ ಮಾನ ಸಾಪೇಕ್ಷ ಆರ್ದ್ರತೆ, ಅಂದರೆ ಒಂದು ಉಷ್ಣಾಂಶದಲ್ಲಿ ಗಾಳಿಯಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಈಗ ಎಷ್ಟು ಪಾಲು ಇದೆ ಎಂಬ ಶೇಕಡಾವಾರು ಲೆಕ್ಕ. ಈ ಗರಿಷ್ಠ ಮಿತಿ ಉಷ್ಣಾಂಶದೊಂದಿಗೆ ವೇಗವಾಗಿ ಏರುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ ಇರುವುದು 30 ಡಿಗ್ರಿಯಲ್ಲಿ 30 ಗ್ರಾಂ ಆಗುತ್ತದೆ. ಪುಷ್ಯ ಮಳೆಯ ದಿನ 22 ಡಿಗ್ರಿಯಲ್ಲಿ ಶೇ 95 ತೇವವಿರುವ ಗಾಳಿಯನ್ನು, ಒಂದು ಹನಿಯನ್ನೂ ತೆಗೆಯದೆ, ಬರಿದೇ 27 ಡಿಗ್ರಿಗೆ ಬಿಸಿಮಾಡಿದರೆ ಅದರ ಆರ್ದ್ರತೆ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಬೂಷ್ಟು ಬೆಳೆಯುವುದಕ್ಕೆ ವಸ್ತುವಿನ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಶೇ 75-80ರಷ್ಟು ತೇವ ದಿನಗಟ್ಟಲೆ ನಿಲ್ಲಬೇಕು; ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯೊಳಗೆ ಶೇ 60ರ ಕೆಳಗೆ, ಸಾಧ್ಯವಾದರೆ 30ರಿಂದ 50ರ ನಡುವೆ ಇಡುವಂತೆ ಸಲಹೆ ಮಾಡುತ್ತದೆ. ಆಗುಂಬೆಯ ಜುಲೈ ತಿಂಗಳಲ್ಲಿ 50 ಎಂಬುದು ಯಂತ್ರವಿಲ್ಲದೆ ಎಟುಕುವ ಸಂಖ್ಯೆಯಲ್ಲ, ಆದರೆ 65-70 ಎಟುಕುತ್ತದೆ, ಮತ್ತು ಬೂಷ್ಟನ್ನು ತಡೆಯುವುದಕ್ಕೆ ಅದು ಬಹುಮಟ್ಟಿಗೆ ಸಾಕು.

ಆರ್ದ್ರತೆಯನ್ನು ಅಳೆಯುವ ಉಪಕರಣ ಹೈಗ್ರೋಮೀಟರ್. ತೇವ ಹೆಚ್ಚಿದಂತೆ ಮನುಷ್ಯನ ಕೂದಲು ಉದ್ದವಾಗುವ ಗುಣವನ್ನು ಬಳಸಿ ಜಿನೀವಾದ ವಿಜ್ಞಾನಿ ಸೊಸ್ಯೂರ್ 18ನೆಯ ಶತಮಾನದಲ್ಲಿ ಅಂಥದೊಂದನ್ನು ರೂಪಿಸಿ, 1783ರಲ್ಲಿ ಅದರ ಕುರಿತು ಗ್ರಂಥವನ್ನೇ ಬರೆದ. ಇಂದು ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಾದರಿಗಳಲ್ಲಿ ಕೂದಲಿನ ಬದಲು ತೇವ ಹೀರುವ ತೆಳು ಪಾಲಿಮರ್ ಪದರವಿರುತ್ತದೆ. ಅವು ಶೇ 5ರಷ್ಟು ಆಚೀಚೆ ತೋರುವುದು ಸಾಮಾನ್ಯ, ಕೆಲವು ಇನ್ನೂ ಹೆಚ್ಚು. ಒಂದೇ ಮೇಜಿನ ಮೇಲಿಟ್ಟ ಎರಡು ಹೈಗ್ರೋಮೀಟರುಗಳಲ್ಲಿ ಒಂದು 68, ಇನ್ನೊಂದು 79 ಎಂದರೆ ಮನೆ ಸುರಕ್ಷಿತವೋ ಬೂಷ್ಟಿನ ಹೊಸ್ತಿಲಲ್ಲಿದೆಯೋ ಎಂದು ತೀರ್ಮಾನಿಸುವುದು ಹೇಗೆ? ಇಲ್ಲಿಯೇ ಉಪ್ಪು ನೆರವಿಗೆ ಬರುತ್ತದೆ.

ಬಾಟಲಿಯ ಮುಚ್ಚಳವೊಂದಕ್ಕೆ ಪುಡಿ ಉಪ್ಪು ಹಾಕಿ, ಅದು ಕರಗಿಹೋಗದೆ ಹಸಿ ಮರಳಿನಂತೆ ಆಗುವಷ್ಟು ಮಾತ್ರ ಹನಿ ನೀರು ಬಿಟ್ಟು, ಅದನ್ನೂ ಹೈಗ್ರೋಮೀಟರನ್ನೂ ಬಿಗಿಯಾಗಿ ಮುಚ್ಚುವ ಡಬ್ಬಿಯೊಳಗೆ ಒಂದಕ್ಕೊಂದು ತಾಗದಂತೆ ಇಟ್ಟು, ಬಿಸಿಲು ಫ್ಯಾನುಗಳಿಂದ ದೂರ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಡಬ್ಬಿಯೊಳಗಿನ ಗಾಳಿಯ ಆರ್ದ್ರತೆ ಶೇ 75 ಆಗಿರುತ್ತದೆ. ಹೊರಗೆ ಆಶ್ಲೇಷ ಮಳೆ ಸುರಿಯುತ್ತಿರಲಿ, ಕಲಬುರಗಿಯ ಏಪ್ರಿಲ್ ಬಿಸಿಲಿರಲಿ, ಒಳಗಿನ ಅಂಕೆ ಅದೇ. ಉಪಕರಣ 71 ತೋರಿದರೆ ಅದು 4 ಕಡಿಮೆ ತೋರುತ್ತಿದೆ ಎಂದರ್ಥ, ಆ ವ್ಯತ್ಯಾಸವನ್ನು ಅದರ ಬೆನ್ನಿಗೆ ಬರೆದಿಟ್ಟುಕೊಂಡರೆ ಕೆಲಸ ಮುಗಿಯಿತು. ಗಿಟಾರ್, ಪಿಟೀಲುಗಳಂಥ ಮರದ ವಾದ್ಯಗಳನ್ನು ಕಾಪಾಡುವವರು ಈ ಪರೀಕ್ಷೆಯನ್ನು ಬಹುಕಾಲದಿಂದ ಬಲ್ಲರು. ಮನೆಗಳಲ್ಲಿ ಇದು ಇನ್ನೂ ಬಳಕೆಗೆ ಬಾರದಿರುವುದು ವಿಷಾದದ ಸಂಗತಿ.

ಇದರ ಹಿಂದಿರುವ ಕ್ರಿಯೆ ಸರಳ, ಆದರೆ ಯೋಚಿಸಿದಷ್ಟೂ ಬೆರಗು ಹುಟ್ಟಿಸುವಂಥದು. ತಣಿದ ಉಪ್ಪುನೀರಿನಲ್ಲಿ, ಅಂದರೆ ಇನ್ನು ಉಪ್ಪು ಕರಗಲಾರದಷ್ಟು ಗಾಢವಾದ ದ್ರಾವಣದಲ್ಲಿ, ನೀರು ಆವಿಯಾಗುವ ಒತ್ತಡ ಶುದ್ಧ ನೀರಿನ ಮುಕ್ಕಾಲು ಪಾಲು ಮಾತ್ರ. ಸುತ್ತಲಿನ ಗಾಳಿ ಅದಕ್ಕಿಂತ ಒಣಗಿದ್ದರೆ ದ್ರಾವಣದ ನೀರು ಆವಿಯಾಗಿ ಉಪ್ಪು ಹರಳುಗಟ್ಟುತ್ತದೆ. ಗಾಳಿ ಹೆಚ್ಚು ತೇವವಾಗಿದ್ದರೆ ದ್ರಾವಣವೇ ಆವಿಯನ್ನು ಹೀರಿ, ಬಂದ ನೀರಿಗೆ ಇನ್ನಷ್ಟು ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಎರಡೂ ಸಂದರ್ಭಗಳಲ್ಲಿ ದ್ರಾವಣದ ಗಾಢತೆ ಬದಲಾಗದ ಕಾರಣ, ಹರಳೂ ದ್ರಾವಣವೂ ಜೊತೆಗಿರುವಷ್ಟು ಕಾಲ ಗಾಳಿ ಅದೇ ಅಂಕೆಗೆ ಬಂದು ನಿಲ್ಲಬೇಕಾಗುತ್ತದೆ. ಬಿಸಿ ನೀರಿನಲ್ಲಾಗಲಿ ತಣ್ಣೀರಿನಲ್ಲಾಗಲಿ ಉಪ್ಪು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗುವುದರಿಂದ ಈ ಅಂಕೆ ಉಷ್ಣಾಂಶಕ್ಕೂ ಅಷ್ಟಾಗಿ ಜಗ್ಗುವುದಿಲ್ಲ: 1977ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಗ್ರೀನ್‌ಸ್ಪ್ಯಾನ್ ಪ್ರಕಟಿಸಿದ ಕೋಷ್ಟಕದಲ್ಲಿ ಅದು 0 ಡಿಗ್ರಿಗೆ 75.5, 30 ಡಿಗ್ರಿಗೆ 75.1. ಬೂಷ್ಟು ತಲೆಯೆತ್ತುವ ಗಡಿಯೂ ಇದರ ನೆರೆಯಲ್ಲೇ ಇರುವುದರಿಂದ, ಮಳೆನಾಡಿನ ಮನೆಗೆ ನಿಖರತೆ ಎಲ್ಲಿ ಬೇಕೋ ಅಲ್ಲಿಯೇ ಉಪ್ಪು ಅದನ್ನು ಒದಗಿಸುತ್ತದೆ.

ಉಪ್ಪಿನ ಮರಿಗೆ ಬೆವರಿತು ಎಂದರೆ ಮಳೆ ಬಲಿಯಿತು ಎನ್ನುವ ಹಿರಿಯರ ಗಮನಿಕೆಗೂ ಇದೇ ಆಧಾರ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಂಥಲ್ಲಿ ಸಮುದ್ರದ ನೀರಿನಿಂದ ತೆಗೆದ ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸ್ವಲ್ಪ ಉಳಿದಿರುತ್ತದೆ, ಅದು ಶೇ 33ರ ಸುಮಾರಿಗೇ ನೀರು ಹೀರತೊಡಗುವುದರಿಂದ ಕಲ್ಲುಪ್ಪು 75ಕ್ಕೆ ಮುಂಚೆಯೇ ಜಿನುಗುತ್ತದೆ. ಆದ್ದರಿಂದ ಮರಿಗೆ ಎಚ್ಚರಿಕೆ ಕೊಡುತ್ತದೆಯೇ ಹೊರತು ಅಳತೆ ಕೊಡುವುದಿಲ್ಲ. ಪರೀಕ್ಷೆಗೆ ಶುದ್ಧೀಕರಿಸಿದ ಪುಡಿ ಉಪ್ಪನ್ನೇ ಬಳಸಬೇಕು.

ಹಳೆಯ ಮಲೆನಾಡಿನ ಮನೆಯಲ್ಲಿ ಈ ಅಂಕೆಗಳ ಹಂಗಿಲ್ಲದೆಯೇ ತೇವ ಹತೋಟಿಯಲ್ಲಿರುತ್ತಿತ್ತು. ದಿನವಿಡೀ ಉರಿಯುವ ಒಲೆ, ಅದರ ಮೇಲಿನ ಅಟ್ಟದಲ್ಲಿ ಅಡಿಕೆ, ಬಿತ್ತನೆ ಬೀಜ, ಕಂಬಳಿ. ಅದರ ಮೇಲೆ ಸಂದುಗಳಿಂದ ಆವಿಯನ್ನು ಹೊರಗೆ ಬಿಡುವ ಹೆಂಚಿನ ಮಾಡು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ನಂತರ ಹಬ್ಬಿದ ಆ ಹೆಂಚು ಮಳೆಯನ್ನು ತಡೆದು ಗಾಳಿಯನ್ನು ಆಡಲು ಬಿಟ್ಟಿತು. ಆದರೆ ಅದೇ ಒಲೆ ಹೆಂಗಸರ ಶ್ವಾಸಕೋಶಗಳಿಗೆ ತುಂಬಿದ ಹೊಗೆಯನ್ನು ಮರೆತು ಆ ಮನೆಯನ್ನು ಹಾಡಿಹೊಗಳುವುದು ಅನ್ಯಾಯ. ಗ್ಯಾಸ್ ಒಲೆ ಬಂದು ಹೊಗೆ ಹೋಯಿತು, ಶಾಖವೂ ಹೋಯಿತು, ತೇವ ಮಾತ್ರ ಉಳಿಯಿತು: ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ, ಹೀಗಾಗಿ 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಅಡುಗೆಮನೆಯ ಗಾಳಿಗೆ 22 ಲೀಟರಿಗೂ ಮಿಕ್ಕಿ ನೀರು ಸೇರಿರುತ್ತದೆ. ಆರ್‌ಸಿಸಿ ಚಾವಣಿ ಮತ್ತು ಸರಿಯುವ ಅಲ್ಯೂಮಿನಿಯಂ ಕಿಟಕಿಗಳ ಮನೆಯಲ್ಲಿ ಆ ನೀರಿಗೆ ಹೊರಹೋಗುವ ದಾರಿ ಇಲ್ಲ. ಆದ್ದರಿಂದ ಯಾವ ಯಂತ್ರಕ್ಕೂ ಮೊದಲು ಕೊಳ್ಳಬೇಕಾದದ್ದು ಅಡುಗೆಮನೆ ಮತ್ತು ಬಚ್ಚಲಿಗೆ ಒಂದೊಂದು ಎಕ್ಸಾಸ್ಟ್ ಫ್ಯಾನ್.

ಇಷ್ಟಾದ ಮೇಲೆ ಪ್ಯೂರಿಫೈಯರ್. ಅದರ ಹೃದಯವಾದ ಹೆಪಾ ಫಿಲ್ಟರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯ ವಿಕಿರಣಶೀಲ ಕಣಗಳನ್ನು ತಡೆಯಲು ಬೆಳೆದು ಬಂದದ್ದು, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 99.97ರಷ್ಟನ್ನು ಹಿಡಿಯಬೇಕೆಂಬುದು ಅದರ ಅಮೆರಿಕನ್ ಮಾನದಂಡ. ಅದಕ್ಕಿಂತ ಚಿಕ್ಕ ಕಣಗಳು ನುಸುಳುತ್ತವೆ ಎಂಬ ನಂಬಿಕೆ ತಪ್ಪು: ಇನ್ನೂ ಚಿಕ್ಕವು ಗಾಳಿಯ ಅಣುಗಳ ಹೊಡೆತಕ್ಕೆ ಅಡ್ಡಾದಿಡ್ಡಿ ಓಡಾಡಿ ಎಳೆಗಳಿಗೆ ತಗಲುತ್ತವೆ, ದೊಡ್ಡವು ತಮ್ಮ ಭಾರದಿಂದಲೇ ಡಿಕ್ಕಿ ಹೊಡೆಯುತ್ತವೆ, ಹಿಡಿಯಲು ಅತಿ ಕಷ್ಟವಾದದ್ದು ಆ ನಡುವಿನ ಗಾತ್ರ. ಆದರೆ ಕೊಳ್ಳುವವರು ನೋಡಬೇಕಾದ ಅಂಕೆ ಇದಲ್ಲ, ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿಯನ್ನು ಕೊಡುತ್ತದೆ ಎಂಬ ಲೆಕ್ಕ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇರುತ್ತದೆ. ಅದು ಗಂಟೆಗೆ ಐದು ಬಾರಿ ಶುದ್ಧವಾಗಬೇಕಾದರೆ 205ರಷ್ಟು ಸಿಎಡಿಆರ್ ಬೇಕು. ಡಬ್ಬಿಯ ಮೇಲೆ ಅಚ್ಚಾಗುವ ಚದರಡಿಯ ಹೇಳಿಕೆ ಎಂಟು ಅಡಿಯ ಚಾವಣಿಯನ್ನೋ ಇನ್ನೂ ಕಡಿಮೆ ಬಾರಿಯ ಶುದ್ಧಿಯನ್ನೋ ಆಧರಿಸಿರಬಹುದು, ಅದನ್ನು ನಂಬಬಾರದು. ಸಿಎಡಿಆರ್ ಅಂಕೆಯೂ ಗರಿಷ್ಠ ವೇಗದ್ದು; ರಾತ್ರಿ ಸದ್ದು ಬೇಡವೆಂದು ಫ್ಯಾನ್ ತಗ್ಗಿಸಿ ಮಲಗುವವರು ಎರಡು ಪಟ್ಟು ಸಾಮರ್ಥ್ಯದ್ದನ್ನು ಕೊಳ್ಳುವುದು ಲೇಸು. ಅಯಾನು ಅಥವಾ ಓಝೋನ್ ಹೊಮ್ಮಿಸುವ ಮಾದರಿಗಳನ್ನು ಮನೆಯೊಳಗೆ ತರಲೇಬಾರದು, ಓಝೋನ್ ಶ್ವಾಸಕೋಶಕ್ಕೇ ಹಾನಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಪ್ಯೂರಿಫೈಯರ್ ಓಡಿಸುವುದೂ ವ್ಯರ್ಥ: ಒಂದು ಬತ್ತಿ ಉರಿದು ಹೊಮ್ಮುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳದ್ದಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸೊಳ್ಳೆಪರದೆ ಇದಕ್ಕಿಂತ ಎಷ್ಟೋ ಮೇಲು.

ಯಂತ್ರದ ಮುಖದ ಮೇಲೆ ಮಿನುಗುವ ಪಿಎಂ 2.5 ಅಂಕೆಯಲ್ಲಿ, ಅಂದರೆ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳ ಪ್ರಮಾಣದಲ್ಲಿ, ಉಪ್ಪು ಮತ್ತೊಮ್ಮೆ ತಲೆಹಾಕುತ್ತದೆ. ಈ ಸಂವೇದಕಗಳು ಕಣಗಳನ್ನು ತೂಗುವುದಿಲ್ಲ, ಅವು ಚೆದುರಿಸುವ ಲೇಸರ್ ಬೆಳಕನ್ನು ಅಳೆದು ತೂಕವನ್ನು ಊಹಿಸುತ್ತವೆ. ಕಡಲ ಅಲೆಗಳು ಒಡೆದಾಗ ಗಾಳಿಗೆ ಸೇರುವ ಉಪ್ಪಿನ ಕಣಗಳು ಆರ್ದ್ರತೆ ಶೇ 75ರ ಸುಮಾರಿಗೆ ಬಂದಾಗ ನೀರು ಹೀರಿ ಹನಿಗಳಾಗುತ್ತವೆ, 80ರ ಹೊತ್ತಿಗೆ ಅವುಗಳ ವ್ಯಾಸ ಇಮ್ಮಡಿಗೆ ಹತ್ತಿರವಾಗಿ, ಚೆದುರುವ ಬೆಳಕು ಬಹಳ ಹೆಚ್ಚುತ್ತದೆ. ವಿಚಿತ್ರವೆಂದರೆ, ಹಾಗೆ ಹನಿಯಾದ ಕಣ 75ಕ್ಕೆ ಇಳಿದಾಗ ಮರಳಿ ಹರಳಾಗುವುದಿಲ್ಲ, ಆರ್ದ್ರತೆ ಶೇ 45ರ ಸುಮಾರಿಗೆ ಕುಸಿಯುವವರೆಗೂ ಹನಿಯಾಗಿಯೇ ತೇಲುತ್ತದೆ. ಕರಾವಳಿಯ ಮಳೆಗಾಲದಲ್ಲಿ ಆ 45 ಬರುವುದೇ ಇಲ್ಲ. ಉಡುಪಿ, ಮಂಗಳೂರುಗಳ ಮನೆಗಳಲ್ಲಿ ಮಳೆ ತೊಳೆದ ದಿನವೂ ಅಂಕೆ ಏರಿ ನಿಂತರೆ ಗಾಬರಿಯಾಗಿ ಫಿಲ್ಟರ್ ಬದಲಿಸಬೇಕಿಲ್ಲ. ಮೊದಲು ಉಪ್ಪಿನಲ್ಲಿ ಒರೆ ಹಚ್ಚಿದ ಹೈಗ್ರೋಮೀಟರ್ ಏನು ಹೇಳುತ್ತದೆಂದು ನೋಡಬೇಕು.

ನಿರ್ವಹಣೆಯಲ್ಲಿ ಮಳೆಗಾಲಕ್ಕೆ ಬೇರೆಯೇ ನಿಯಮವಿರಬೇಕು. ಹೊರಗಿನ ಜಾಲರಿಯನ್ನು ತೊಳೆಯಬಹುದು, ಆದರೆ ಸಂಪೂರ್ಣ ಒಣಗಿಸಿಯೇ ಹಾಕಬೇಕು. ಹೆಪಾವನ್ನು ತೊಳೆಯಲೇಬಾರದು: ಮನೆಬಳಕೆಯ ಅನೇಕ ಫಿಲ್ಟರುಗಳ ಎಳೆಗಳಲ್ಲಿ ಕಣಗಳನ್ನು ಸೆಳೆಯುವ ವಿದ್ಯುದಂಶ ತುಂಬಿರುತ್ತದೆ, ಒದ್ದೆಯಾದರೆ ಅದು ಕುಂದಬಹುದು. ವಾಸನೆ ಹೀರುವ ಇದ್ದಿಲ ಪದರದ ರಂಧ್ರಗಳನ್ನು ಮಳೆಗಾಲದಲ್ಲಿ ನೀರಾವಿಯೇ ಆಕ್ರಮಿಸುವುದರಿಂದ ಅದರ ಶಕ್ತಿ ಕುಗ್ಗುತ್ತದೆ. ಹಿಡಿದಿಟ್ಟ ಧೂಳಿನ ಮೇಲೆ ಬೂಷ್ಟು ಬೇರೂರದಂತೆ, ಯಂತ್ರವನ್ನು ವಾರಗಟ್ಟಲೆ ನಿಲ್ಲಿಸಿಡುವ ಬದಲು ನಿತ್ಯ ಓಡಿಸಬೇಕು, ಇಲ್ಲವೇ ಫಿಲ್ಟರ್ ಹೊರತೆಗೆದು ಒಣ ಜಾಗದಲ್ಲಿ ಕಟ್ಟಿಡಬೇಕು.

ತೇವವನ್ನು ನಿಜಕ್ಕೂ ತೆಗೆಯುವುದು ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ನೀರನ್ನು ಇಳಿಸುವ ಯಂತ್ರ. 1902ರಲ್ಲಿ ಅಮೆರಿಕದ ಎಂಜಿನಿಯರ್ ಕ್ಯಾರಿಯರ್ ಹವಾನಿಯಂತ್ರಣವನ್ನು ರೂಪಿಸಿದ್ದೂ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಹಿಗ್ಗುತ್ತಿದ್ದ ಕಾಗದವನ್ನು ಹದದಲ್ಲಿಡಲು. ಡಬ್ಬಿಯ ಮೇಲಿನ ದಿನಕ್ಕೆ 20 ಲೀಟರ್ ಎಂಬಂಥ ಹೇಳಿಕೆ ಸಾಮಾನ್ಯವಾಗಿ 30 ಡಿಗ್ರಿ, ಶೇ 80 ಆರ್ದ್ರತೆಯ ಪರೀಕ್ಷೆಯದು. ಮಲೆನಾಡಿನ 22 ಡಿಗ್ರಿಯ ಕೋಣೆಯಲ್ಲಿ ಅಷ್ಟು ನೀರು ಇಳಿಯದು. ಆದರೂ ಆ ಯಂತ್ರ ಹೊಮ್ಮಿಸುವ ಶಾಖ ಇಲ್ಲಿ ವರವೇ, ಏಕೆಂದರೆ ಉಷ್ಣಾಂಶ ಏರಿದಷ್ಟೂ ಆರ್ದ್ರತೆ ಇಳಿಯುತ್ತದೆ; ಸೆಕೆಯ ಮಂಗಳೂರಿನಲ್ಲಿ ಅದೇ ಶಾಖ ಹಿಂಸೆ, ಅಲ್ಲಿಗೆ ಎಸಿಯ ಡ್ರೈ ಮೋಡ್ ಒಳ್ಳೆಯದು. ಇಡೀ ಮನೆಯನ್ನು ಒಣಗಿಸಲು ಹೊರಡದೆ ಪುಸ್ತಕ, ಬಟ್ಟೆ, ಹಾಸಿಗೆಗಳಿರುವ ಒಂದು ಕೋಣೆಯನ್ನು ಆರಿಸಿ, ಬಾಗಿಲು ಮುಚ್ಚಿ, ಅಂಕೆ 65ಕ್ಕೆ ನಿಲ್ಲುವಂತೆ ಹೊಂದಿಸಿದರೆ ವಿದ್ಯುತ್ತೂ ಉಳಿಯುತ್ತದೆ. ಹೊಸ ಹೆಪಾ ಫಿಲ್ಟರನ್ನು ಮುಂಗಾರಿಗೆ ಮುನ್ನ ಕೊಳ್ಳುವುದಕ್ಕಿಂತ, ತೇವ ಇಳಿದು ದೀಪಾವಳಿಯ ಪಟಾಕಿ ಮತ್ತು ಚಳಿಗಾಲದ ಹೊಗೆ ಶುರುವಾಗುವ ಮುಂಚಿನ ಅಕ್ಟೋಬರಿನಲ್ಲಿ ಹಾಕುವುದು ಹೆಚ್ಚು ಉಪಯುಕ್ತ.