ಕಡಲಾಚೆ ಕಾನೂನು ವ್ಯಾಸಂಗ: ಅಳುಕು ನೀಗುವುದು ಹೇಗೆ?

ಅಮೆರಿಕದ ಕಾನೂನು ಶಾಲೆಯೊಂದರಲ್ಲಿ ಮೊದಲ ವಾರದ ತರಗತಿ. ಒಳಬಂದ ಪ್ರಾಧ್ಯಾಪಕರು ಪಾಠ ಆರಂಭಿಸುವ ಬದಲು ಹಾಜರಿ ಪಟ್ಟಿ ನೋಡಿ ಒಬ್ಬರ ಹೆಸರು ಕರೆಯುತ್ತಾರೆ. ಪ್ರಕರಣದ ಸಂಗತಿಗಳೇನು? ನ್ಯಾಯಾಲಯ ಹೀಗೇಕೆ ತೀರ್ಮಾನಿಸಿತು? ಒಂದು ಸಂಗತಿ ಬದಲಾಗಿದ್ದರೆ ತೀರ್ಪು ಏನಾಗುತ್ತಿತ್ತು? ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಭಾರತದಲ್ಲಿ ಕಾನೂನು ಪದವಿ ಪಡೆದು, ಎಲ್‌ಎಲ್‌.ಎಂ.ಗಾಗಿ ಅಲ್ಲಿಗೆ ತೆರಳಿದ ವಿದ್ಯಾರ್ಥಿಗೆ ಉತ್ತರ ತಿಳಿದಿದ್ದರೂ ಬಾಯಿ ಬರುವುದಿಲ್ಲ.

ಇಂಗ್ಲಿಷ್ ಸಾಲದು, ಉಚ್ಚಾರಣೆ ಸರಿಯಿಲ್ಲ ಎಂದು ಬಹುತೇಕ ವಿದ್ಯಾರ್ಥಿಗಳು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆದರೆ ಅಳುಕಿನ ಬೇರು ಹೆಚ್ಚಾಗಿ ಇರುವುದು ಭಾಷೆಯಲ್ಲಲ್ಲ, ಬೋಧನಾ ಕ್ರಮದಲ್ಲಿ. ಆ ಕ್ರಮವನ್ನು ಅರಿತವರಿಗೆ ಧೈರ್ಯ ತಾನಾಗಿ ಬರುತ್ತದೆ.

ಪಾಠದ ಕ್ರಮವೇ ಬೇರೆ

1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್, ಉಪನ್ಯಾಸದ ಬದಲು ತೀರ್ಪುಗಳನ್ನೇ ಓದಿಸಿ ಪ್ರಶ್ನೆಗಳ ಮೂಲಕ ಕಲಿಸುವ ಪದ್ಧತಿಗೆ ಅಡಿಪಾಯ ಹಾಕಿದರು. ಇಂದಿಗೂ ಅಮೆರಿಕದ ಕಾನೂನು ಶಿಕ್ಷಣದ ಬೆನ್ನೆಲುಬು ಅದೇ. ನಮ್ಮ ಬಹುತೇಕ ಕಾಲೇಜುಗಳಲ್ಲಿ ಪ್ರಾಧ್ಯಾಪಕರು ಕಾಯ್ದೆಯ ಕಲಂ ವಿವರಿಸುತ್ತಾರೆ, ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ. ಅಲ್ಲಿ ಓದಿಕೊಂಡು ಬರುವುದು ವಿದ್ಯಾರ್ಥಿಯ ಹೊಣೆ. ತರಗತಿ ಇರುವುದು ವಾದಕ್ಕೆ. ಪ್ರಾಧ್ಯಾಪಕರ ಮರುಪ್ರಶ್ನೆ ತಪ್ಪು ಹುಡುಕುವುದಕ್ಕಲ್ಲ, ವಾದವನ್ನು ಮುಂದಕ್ಕೊಯ್ಯುವುದಕ್ಕೆ. ಇದನ್ನರಿಯದವರಿಗೆ ಪ್ರತಿ ಮರುಪ್ರಶ್ನೆಯೂ ಅವಮಾನವೆನಿಸುತ್ತದೆ.

ಪರೀಕ್ಷೆಯದೂ ಇದೇ ಕಥೆ. ವ್ಯಾಖ್ಯೆ, ಲಕ್ಷಣಗಳನ್ನು ಬರೆಯುವ ಪ್ರಶ್ನೆಗಳು ಅಲ್ಲಿ ವಿರಳ. ಒಂದು ಕಲ್ಪಿತ ಘಟನೆಯನ್ನು ದೀರ್ಘವಾಗಿ ವಿವರಿಸಿ, ಅದರಲ್ಲಿ ಅಡಗಿರುವ ಕಾನೂನು ಪ್ರಶ್ನೆಗಳನ್ನು ಗುರುತಿಸಿ ಉತ್ತರಿಸುವಂತೆ ಕೇಳಲಾಗುತ್ತದೆ. ಪುಸ್ತಕ ತೆರೆದು ನೋಡಲು ಅವಕಾಶವಿರುವ ಪರೀಕ್ಷೆಗಳೂ ಉಂಟು. ಕಂಠಪಾಠವನ್ನೇ ನಂಬಿ ಬಂದವರು ಇಲ್ಲಿ ಎಡವುತ್ತಾರೆ.

ಸಮಯ ಕಡಿಮೆ, ಹೊರೆ ಹೆಚ್ಚು

ಎಲ್‌ಎಲ್‌.ಎಂ. ಸಾಮಾನ್ಯವಾಗಿ ಒಂದೇ ಶೈಕ್ಷಣಿಕ ವರ್ಷದ ಕೋರ್ಸ್. ಆಗಸ್ಟ್‌ನಲ್ಲಿ ಸೇರಿದವರು ಮೇ ತಿಂಗಳಿಗೆ ಪದವಿ ಮುಗಿಸುತ್ತಾರೆ. ವ್ಯಾಸಂಗದ ಬಳಿಕ ಎಫ್-1 ವೀಸಾದಡಿ ಉದ್ಯೋಗಾನುಭವ ಪಡೆಯಲು ಸಿಗುವ ಅವಧಿ 12 ತಿಂಗಳು. ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ದೊರೆಯುವ ಹೆಚ್ಚುವರಿ 24 ತಿಂಗಳು ಕಾನೂನು ಪದವೀಧರರಿಗೆ ಇಲ್ಲ. ಆ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ. ಬ್ಯಾಂಕ್ ಸಾಲ ಮಾಡಿ, ಮನೆಯ ಪತ್ರ ಅಡವಿಟ್ಟು ಹೋದವರಿಗೆ ಮೊದಲ ಸೆಮಿಸ್ಟರ್‌ ಮೌನದಲ್ಲೇ ಕಳೆದರೆ ಆಗುವ ನಷ್ಟ ಸಣ್ಣದಲ್ಲ. ಶಿಫಾರಸು ಪತ್ರ ಬರೆಯಬೇಕಾದ ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯ ಪರಿಚಯವೇ ಇರುವುದಿಲ್ಲ.

ರೂಢಿಯೇ ಧೈರ್ಯದ ಮೂಲ

ಮೊದಲನೆಯದಾಗಿ, ಪ್ರತಿ ತೀರ್ಪನ್ನೂ ಒಂದು ಪುಟಕ್ಕೆ ಇಳಿಸಿಕೊಳ್ಳುವುದು: ಸಂಗತಿ, ಪ್ರಶ್ನೆ, ತೀರ್ಮಾನ, ಅದಕ್ಕೆ ಕೊಟ್ಟ ಕಾರಣ. ಹೆಸರು ಕರೆದಾಗ ಈ ಹಾಳೆ ಮುಂದಿದ್ದರೆ ಅರ್ಧ ಭಯ ಇಳಿಯುತ್ತದೆ. ಎರಡನೆಯದಾಗಿ, ಕರೆಯುವವರೆಗೆ ಕಾಯದೆ ವಾರಕ್ಕೊಮ್ಮೆಯಾದರೂ ತಾವಾಗಿ ಕೈ ಎತ್ತುವುದು. ಸಿದ್ಧಪಡಿಸಿಕೊಂಡ ಎರಡು ವಾಕ್ಯ ಸಾಕು, ಭಾಷಣ ಬೇಕಿಲ್ಲ. ಮೂರನೆಯದಾಗಿ, ವಿದ್ಯಾರ್ಥಿಗಳ ಭೇಟಿಗೆಂದೇ ಪ್ರಾಧ್ಯಾಪಕರು ಮೀಸಲಿಡುವ ವೇಳೆಯಲ್ಲಿ ಅವರನ್ನು ಕಾಣುವುದು. ಗುರುಗಳ ಬಾಗಿಲು ತಟ್ಟುವುದು ಅಧಿಕಪ್ರಸಂಗವೆಂದು ಭಾವಿಸುವ ನಮ್ಮವರು ಈ ಅವಕಾಶವನ್ನು ಬಿಟ್ಟುಕೊಡುತ್ತಾರೆ. ಅಲ್ಲಿ ಅದು ಆಸಕ್ತಿಯ ಗುರುತು.

ಉತ್ತರ ಪತ್ರಿಕೆಯಲ್ಲಿ ಹೆಸರಿನ ಬದಲು ಸಂಖ್ಯೆ ಮಾತ್ರ ಇರುವ ಪದ್ಧತಿ ಅಲ್ಲಿನ ಹಲವು ಕಾನೂನು ಶಾಲೆಗಳಲ್ಲಿದೆ. ಊರು, ಉಚ್ಚಾರಣೆ ಯಾವುದೂ ಅಂಕವನ್ನು ಬದಲಿಸುವುದಿಲ್ಲ ಎಂಬುದನ್ನು ನೆನಪಿಡುವುದು ಒಳಿತು.

ನೆಲ ಅಪರಿಚಿತವಲ್ಲ

ಭಾರತ, ಅಮೆರಿಕ ಎರಡರ ಕಾನೂನಿಗೂ ಇಂಗ್ಲೆಂಡಿನ ಕಾಮನ್ ಲಾ ಮೂಲ. ಕರಾರು ಉಲ್ಲಂಘನೆಗೆ ಪರಿಹಾರ ಎಷ್ಟು ಎಂಬುದನ್ನು ಅಮೆರಿಕದಲ್ಲಿ ಇಂದಿಗೂ 1854ರ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ನಡುವಣ ಇಂಗ್ಲಿಷ್ ಪ್ರಕರಣದಿಂದ ಕಲಿಸಲಾಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಓದುವಾಗ ನಮ್ಮ ವಿದ್ಯಾರ್ಥಿಗಳು ಅದೇ ಪ್ರಕರಣ ಓದಿರುತ್ತಾರೆ. ಸಂವಿಧಾನದ ತರಗತಿಯಲ್ಲಿ 1803ರ ಮಾರ್ಬರಿ ಪ್ರಕರಣದ ಚರ್ಚೆ ಬಂದಾಗ, 1973ರ ಕೇಶವಾನಂದ ಭಾರತಿ ತೀರ್ಪನ್ನು ಮುಂದಿಡುವ ಅವಕಾಶ ಇರುವುದು ಭಾರತದಿಂದ ಹೋದವರಿಗೇ. ಅಂಥ ಹೋಲಿಕೆಯ ಒಂದು ಮಾತು ಇಡೀ ತರಗತಿಯ ಗಮನ ಸೆಳೆಯಬಲ್ಲದು.

ಬಾರ್ ಪರೀಕ್ಷೆ ಎದುರಿಸುವವರು

ವಿದೇಶೀ ಪದವೀಧರರಲ್ಲಿ ಅನೇಕರು ಆರಿಸಿಕೊಳ್ಳುವುದು ನ್ಯೂಯಾರ್ಕ್ ಬಾರ್ ಪರೀಕ್ಷೆ. ಎರಡು ದಿನಗಳ ಈ ಪರೀಕ್ಷೆಯಲ್ಲಿ 400ಕ್ಕೆ 266 ಅಂಕ ಬೇಕು. ಅಮೆರಿಕದಲ್ಲೇ ಕಲಿತವರಿಗೆ ಹೋಲಿಸಿದರೆ ವಿದೇಶೀ ಪದವೀಧರರ ಉತ್ತೀರ್ಣತೆ ಪ್ರಮಾಣ ಕಡಿಮೆ. ಅಭ್ಯರ್ಥಿಯ ಭಾರತೀಯ ಪದವಿಯನ್ನು ಅಲ್ಲಿನ ಮಂಡಳಿ ಮೊದಲೇ ಪರಿಶೀಲಿಸಬೇಕು. ಅದಕ್ಕೆ ವಿಶ್ವವಿದ್ಯಾಲಯದಿಂದ ದಾಖಲೆಗಳು ತಲುಪಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಊರು ಬಿಡುವ ಮುನ್ನವೇ ಅರ್ಜಿ ಹಾಕುವುದು ಜಾಣತನ.

ಗಾಂಧೀಜಿ ಕಂಡುಕೊಂಡ ದಾರಿ

ಕಡಲು ದಾಟಿ ಕಾನೂನು ಕಲಿತವರ ಅಳುಕಿಗೆ ದೊಡ್ಡ ನಿದರ್ಶನ ಮೋಹನದಾಸ ಗಾಂಧಿ. 1888ರಲ್ಲಿ ಲಂಡನ್ನಿಗೆ ತೆರಳಿ, 1891ರ ಜೂನ್ 10ರಂದು ಬ್ಯಾರಿಸ್ಟರ್ ಆದ ಅವರು ಮುಂಬೈನ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಎದ್ದು ನಿಂತಾಗ ತಲೆ ಸುತ್ತಿದಂತಾಗಿ ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಟ್ಟರು. ಪ್ರಕರಣ ಬೇರೆ ವಕೀಲರ ಪಾಲಾಯಿತು.

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಅವರಿಗೆ ದೊರೆತದ್ದು ದಾದಾ ಅಬ್ದುಲ್ಲಾ ಅವರ ವ್ಯಾಪಾರದ ವ್ಯಾಜ್ಯ. ಅದು ಪೂರ್ತಿ ಲೆಕ್ಕಪತ್ರಗಳ ಮೇಲೆ ನಿಂತಿತ್ತು. ಗಾಂಧಿಯವರಿಗೆ ಲೆಕ್ಕ ಬರೆಯುವ ಕ್ರಮ ತಿಳಿದಿರಲಿಲ್ಲ. ಪುಸ್ತಕ ಕೊಂಡು ಕಲಿತರು, ಕಾಗದಪತ್ರಗಳನ್ನೆಲ್ಲ ಓದಿ ಸಂಗತಿಗಳನ್ನು ಕರಗತ ಮಾಡಿಕೊಂಡರು. ವಕೀಲನಾಗಿ ತಾನು ಸೋಲುವುದಿಲ್ಲವೆಂಬ ನಂಬಿಕೆ ಅಲ್ಲಿಂದ ಮೂಡಿತೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಅವರಿಗೆ ಧೈರ್ಯ ತಂದುಕೊಟ್ಟದ್ದು ವಾಕ್ಚಾತುರ್ಯವಲ್ಲ, ಸಿದ್ಧತೆ. ಈ ವರ್ಷ ವಿಮಾನವೇರುವ ವಿದ್ಯಾರ್ಥಿಗೂ ಈ ಮಾತು ಅನ್ವಯಿಸುತ್ತದೆ.