ಒಂದೇ ತಾರೀಖು, ಎರಡು ನೆನಪು

ಪ್ರಶ್ನೆ: ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನಡೆದದ್ದು ಏಪ್ರಿಲ್ 13ರಂದು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವೂ ಅದೇ ತಾರೀಖು. ಇದು ಕಾಕತಾಳೀಯವೇ?

ಉತ್ತರ: ಕಾಕತಾಳೀಯ ಎನ್ನಲಾಗದು, ಎರಡಕ್ಕೂ ಗಟ್ಟಿ ನಂಟಿದೆ. 1919ರ ಏಪ್ರಿಲ್ 6ರಂದು ರೌಲತ್ ಕಾಯ್ದೆಯ ವಿರುದ್ಧ ದೇಶದಾದ್ಯಂತ ಹರತಾಳ ನಡೆಯಿತು. 13ರಂದು ಬೈಸಾಖಿ. ಹಬ್ಬಕ್ಕೆಂದು ಅಮೃತಸರಕ್ಕೆ ಬಂದಿದ್ದ ಹಳ್ಳಿಗರೂ ಬಾಗಿನಲ್ಲಿ ಸೇರಿದ್ದರು. ಜನರಲ್ ಡಯರ್ ಗುಂಡು ಹಾರಿಸಲು ಆಜ್ಞೆ ಕೊಟ್ಟದ್ದು ಆ ನಿರಾಯುಧರ ಮೇಲೆ. ಆಮೇಲೆ ಏಪ್ರಿಲ್ 6ರಿಂದ 13ರವರೆಗೆ ‘ರಾಷ್ಟ್ರೀಯ ಸಪ್ತಾಹ’ ಆಚರಿಸುವ ರೂಢಿ ಬೆಳೆಯಿತು. 1930ರಲ್ಲಿ ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ್ದು ಸಪ್ತಾಹದ ಮೊದಲ ದಿನ. ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯವರು ಉಪ್ಪಿನ ಕಾನೂನು ಮುರಿದದ್ದು ಕೊನೆಯ ದಿನ. ಅಂದು ಅಲ್ಲಿ ನೆರೆದವರಿಗೆ ಆ ತಾರೀಖಿನ ಭಾರ ಗೊತ್ತಿತ್ತು. ಕರ್ನಾಟಕದ ಸ್ವಾತಂತ್ರ್ಯ ಹೋರಾಟದಲ್ಲಿ ಇದಕ್ಕಿಂತ ಅರ್ಥಪೂರ್ಣವಾದ ದಿನ ನನಗೆ ಕಾಣದು.

ಹುಟ್ಟುಹಬ್ಬಗಳ ಮಾತು ಬೇರೆ, ಅಲ್ಲಿ ಕೆಲಸ ಮಾಡುವುದು ಬರೀ ಆಕಸ್ಮಿಕ. ಯೌವನದಲ್ಲಿ ಕಾರವಾರದಲ್ಲಿ ತಂಗಿದ್ದ ರವೀಂದ್ರನಾಥ ಟಾಗೋರರು ಹುಟ್ಟಿದ್ದು 1861ರ ಮೇ 7ರಂದು. ಸಂಗೀತಗಾರರಾದ ಬ್ರಾಮ್ಸ್ (1833), ಚೈಕೋವ್‌ಸ್ಕಿ (1840) ಅವರದೂ ಮೇ 7.

ಇಂಥ ಹೊಂದಿಕೆ ನಾವೆಣಿಸುವಷ್ಟು ಅಪರೂಪವಲ್ಲ. ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ 23 ಜನರಿದ್ದಾರೆ ಎನ್ನಿ. ನಿಮ್ಮ ಹುಟ್ಟುಹಬ್ಬಕ್ಕೇ ಇನ್ನೊಬ್ಬರದು ಕೂಡಿಬರುವುದು ಕಷ್ಟ. ಆದರೆ ಯಾರಾದರೂ ಇಬ್ಬರದು ಸಾಕೆಂದರೆ, ಒಬ್ಬೊಬ್ಬರನ್ನೂ ಉಳಿದವರೊಂದಿಗೆ ಹೋಲಿಸಿ 253 ಜೋಡಿ ಆಗುತ್ತದೆ. ಅವುಗಳಲ್ಲಿ ಒಂದಾದರೂ ಕೂಡಿಬರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ಬಸ್ಸಿನಲ್ಲಿ 57 ಜನರಾದರೆ ಅದು ಶೇ. 99 ಮುಟ್ಟುತ್ತದೆ.